ಹೊಟ್ಟು ಬೇರೆ, ಕಾಳು ಬೇರೆ

ಅಕ್ಕ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಆಫೀಸಿನ ವಾಟ್ಸಪ್ ಗುಂಪಿನಿಂದ. ಒಂದು ಫೋಟೋ, ಅದರ ಕೆಳಗೆ ‘ನಮ್ಮ ಸಂಸ್ಥೆಯ ಹೆಮ್ಮೆಯ ಹಿರಿಯ ಸದಸ್ಯೆಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಒಕ್ಕಣೆ, ಅದರ ಕೆಳಗೆ ಸಾಲುಸಾಲಾಗಿ ಮುಗಿದ ಕೈಗಳು. ಫೋಟೋದಲ್ಲಿ ಇಡೀ ಆಫೀಸಿಗೇ ಅಕ್ಕನಾಗಿದ್ದ ಅವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಗುತ್ತಿದ್ದಾರೆ. ಇವರ ಮನೆ ಹಾಳಾಗ! ಹುಡುಕಿ ಹುಡುಕಿ ಅದೇ ಫೋಟೋ ಹಾಕಬೇಕಿತ್ತೆ?

ಆ ಹೆಡ್‌ಫೋನ್ ನಮ್ಮ ಆಫೀಸಿನದೇ ಅಲ್ಲ. ಕಂಪನಿಯ ಜಾಹೀರಾತಿಗೆ ಫೋಟೋ ತೆಗೆಯಲು ಮೈಸೂರಿನಿಂದ ಬಂದವನು ನಮ್ಮ ಮೇಜಿನ ಮೇಲಿದ್ದ, ಸ್ಪಂಜು ಕಿತ್ತುಹೋದ, ಇನ್ಸುಲೇಷನ್ ಟೇಪು ಸುತ್ತಿದ ಹೆಡ್‌ಫೋನುಗಳನ್ನು ನೋಡಿ ಮುಖ ಕಿವುಚಿ, ತನ್ನ ಬ್ಯಾಗಿನಿಂದ ತನ್ನದನ್ನೇ ತೆಗೆದು ಅಕ್ಕನ ತಲೆಗೆ ಸಿಕ್ಕಿಸಿದ. ಫೋಟೋ ಆದ ಮೇಲೆ ಅಕ್ಕ ಅದನ್ನು ತೆಗೆಯಲಿಲ್ಲ. ಅದರ ವೈರನ್ನು ಸದ್ದಿಲ್ಲದೆ ತಮ್ಮ ಮೊಬೈಲಿಗೆ ಚುಚ್ಚಿಕೊಂಡು ಕಣ್ಣು ಮುಚ್ಚಿ ಕೂತುಬಿಟ್ಟರು. ಮ್ಯಾನೇಜರು ಬಂದು ಮಕ್ಕಳ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ ಅದನ್ನು ಅವರ ತಲೆಯಿಂದ ತೆಗೆದು, ‘ಅದು ಫೋಟೋಗಮ್ಮಾ’ ಅಂದರು. ಅಕ್ಕ ನನ್ನ ಕಡೆ ತಿರುಗಿ, ‘ಇದು ಪರವಾಗಿಲ್ಲ ಕಣವ್ವ’ ಅಂದರು.

ಅಕ್ಕನ ಬಾಯಲ್ಲಿ ‘ಪರವಾಗಿಲ್ಲ’ ಎಂದರೆ ಕಿರೀಟ ಇಟ್ಟ ಹಾಗೆ. ಯಾವ ಹೆಡ್‌ಫೋನನ್ನೂ ಅವರು ‘ಚೆನ್ನಾಗಿದೆ’ ಎಂದದ್ದನ್ನು ನಾನು ಕೇಳಿರಲಿಲ್ಲ. ಇದು ಮಡಕೆಯೊಳಗಿಂದ ಮಾತಾಡ್ತದೆ, ಇದು ಬರೀ ತಗಡು, ಇದಕ್ಕೆ ನೆಗಡಿ ಬಂದದೆ. ಕಂಪನಿಯವರು ಹೊಸದು ತಂದಾಗಲೆಲ್ಲ ಒಂದೊಂದಕ್ಕೂ ಹೀಗೆ ಒಂದೊಂದು ಹೆಸರು ಬೀಳುತ್ತಿತ್ತು. ಅವರು ಇಟ್ಟ ಹೆಸರೇ ಆಫೀಸಿನಲ್ಲಿ ನಿಲ್ಲುತ್ತಿತ್ತು. ‘ಲೇ, ಆ ನೆಗಡಿದ್ನ ನಂಗೆ ಕೊಡ್ಬೇಡಿ’ ಎಂದು ಹುಡುಗಿಯರು ಬೆಳಿಗ್ಗೆ ಬೆಳಿಗ್ಗೆಯೇ ಕಿತ್ತಾಡುತ್ತಿದ್ದರು.

ನಮ್ಮದು ಕೇಳಿ ಬರೆಯುವ ಕೆಲಸ. ಯಾರು ಯಾರೋ ಫೋನಿನಲ್ಲಿ ಆಡಿದ ಮಾತಿನ ರೆಕಾರ್ಡಿಂಗು ಬರುತ್ತದೆ. ಅದನ್ನು ಕೇಳಿ, ಅವರು ಆಡಿದ ಹಾಗೆಯೇ ಟೈಪ್ ಮಾಡಬೇಕು. ಸಿಲಿಂಡರು ಬಂದಿಲ್ಲ ಎಂದು ಬೈಯುವವರು, ಸಾಲ ಬೇಡ ಬೇಡ ಎಂದರೂ ಬಿಡದವರು, ಆಸ್ಪತ್ರೆಗೆ ಫೋನ್ ಮಾಡಿ ಹೆಸರು ಹೇಳಲೂ ತಡವರಿಸುವ ಮುದುಕರು. ಕಂಪ್ಯೂಟರಿಗೆ ಕನ್ನಡ ಕಲಿಸಲು ಇದೆಲ್ಲ ಬೇಕಂತೆ. ತಪ್ಪು ಹೆಚ್ಚಾದರೆ ಕೆಲಸದಿಂದ ತೆಗೆಯುತ್ತಾರೆ. ಆಫೀಸು ಇದ್ದದ್ದು ನಂಜನಗೂಡಿನಲ್ಲಿ, ಒಂದು ಹಿಟ್ಟಿನ ಮಿಲ್ಲಿನ ಮೇಲಿನ ಮಹಡಿಯಲ್ಲಿ. ಕೆಳಗೆ ಮಿಲ್ಲು ಶುರುವಾಯಿತೆಂದರೆ ನಮ್ಮ ಮೇಜಿನ ಮೇಲಿನ ಬಾಟಲಿಯಲ್ಲಿ ನೀರು ನಡುಗುತ್ತಿತ್ತು. ಮೆಲ್ಲಗೆ ಮಾತಾಡುವ ಜನರ ದನಿ ಕೇಳಿಸಿಕೊಳ್ಳಲು ಇಂಥಾ ಜಾಗ ಹುಡುಕಿದ ಪುಣ್ಯಾತ್ಮನಿಗೆ ಒಂದು ದೊಡ್ಡ ನಮಸ್ಕಾರ.

ಅಕ್ಕ ಅಲ್ಲೇ ಹತ್ತಿರದ ಹೆಡತಲೆ ಎಂಬ ಊರಿನವರು. ಹಿಂದೆ ತಾಲ್ಲೂಕು ಕಚೇರಿಯ ಮುಂದೆ ಕೂತು ಟೈಪ್‌ರೈಟರಿನಲ್ಲಿ ಅರ್ಜಿ ಹೊಡೆದುಕೊಡುತ್ತಿದ್ದರಂತೆ. ಕಂಪ್ಯೂಟರು ಬಂದು ಆ ಕೆಲಸ ಹೋದ ಮೇಲೆ ಇಲ್ಲಿಗೆ ಬಂದವರು. ‘ಎದುರಿಗೆ ಕೂತು ಅಳ್ತಾ ಅಳ್ತಾ ಹೇಳೋರ ಮಾತ್ನೇ ಕೇಳಿ ಅರ್ಜಿ ಹೊಡ್ದಿವ್ನಿ. ಈ ಫೋನ್‌ನೋರು ಯಾವ್ ಲೆಕ್ಕ?’ ಎನ್ನುತ್ತಿದ್ದರು. ಜಂಬ ಎಂದರೆ ಜಂಬ. ನಮಗೆ ಯಾರಿಗೂ ಅರ್ಥವಾಗದ ಮಾತನ್ನು ಒಂದೇ ಸಲ ಕೇಳಿ ಹೇಳಿ, ಆಮೇಲೆ ಇಡೀ ಕೋಣೆಯನ್ನು ಒಮ್ಮೆ ನೋಡಿ, ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುವರು. ಅವರಿಗಿದ್ದ ಒಂದೇ ಆಸ್ತಿ ಆ ಕಿವಿ. ಆಸ್ತಿ ಇದ್ದವರಿಗೆಲ್ಲ ಇರುವ ಗತ್ತು ಅವರಿಗೂ ಇತ್ತು.

ನಾನು ಟಿ. ನರಸೀಪುರದವಳು, ಅಲ್ಲಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವಳು. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಕಡಿಮೆ. ‘ಏ ಪುರದವ್ಳೇ, ನಮ್ ಕಪಿಲಾ ಹೊಳೆ ಇಲ್ಲಿಂದ ನೆಟ್ಟಗೆ ಹೋಗಿ ನಿಮ್ಮೂರಲ್ಲಿ ಹೆಸ್ರು ಕಳ್ಕೊತದೆ. ಅಂಥಾ ಊರು ಕಣವ್ವ ನಿಮ್ದು’ ಎಂದು ಮೊದಲ ವಾರವೇ ಅಂದರು. ‘ಕಳ್ಕೊಳ್ಳೋದಲ್ಲ ಅಕ್ಕ, ಕಾವೇರಿ ಆಗ್ತಾಳೆ’ ಎಂದೆ. ‘ಬಾಯಿ ಜೋರಾಗೇ ಅದೆ, ಕಿವಿ ಹೆಂಗದೋ’ ಅಂದರು.

ಅವರ ಕೈಗೆ ನಾನು ಸಿಕ್ಕಿಬಿದ್ದದ್ದೂ ಆ ವಾರವೇ. ನನ್ನ ಹೆಡ್‌ಫೋನಿನ ಎಡಗಡೆ ಸದ್ದೇ ಬರುತ್ತಿರಲಿಲ್ಲ. ಕೆಟ್ಟಿದೆ ಎಂದು ಹೇಳಲು ಮ್ಯಾನೇಜರ ಕಡೆ ಹೊರಟೆ. ಅಕ್ಕ ಕೂತಲ್ಲಿಂದಲೇ ಕೂಗಿದರು.

‘ನಿಂತ್ಕೊ. ತಿರುಗಿಸಿ ಹಾಕ್ಕೊಂಡು ನೋಡ್ದಾ?’

‘ಏನು ತಿರುಗ್ಸೋದಕ್ಕ?’

‘ಎಡಗಿವಿದ್ನ ಬಲಗಿವಿಗೆ ಹಾಕ್ಕೊ. ಸದ್ದಿಲ್ದಿರೋದೂ ಅದ್ರ ಜೊತೆ ಬಲಗಡೆಗೆ ಬಂದ್ರೆ ಹೆಡ್‌ಫೋನ್ ಕೆಟ್ಟದೆ ಅಂತ. ಬರ್ದೆ ಎಡಗಡೆನೇ ಉಳ್ಕೊಂಡ್ರೆ ನಿನ್ ಕಿವಿ ಕೆಟ್ಟದೆ, ಗಂಟುಮೂಟೆ ಕಟ್ಕೊಂಡು ಪುರಕ್ಕೆ ಹೋಗು.’

ಕೋಣೆಯೆಲ್ಲ ನಕ್ಕಿತು. ನಾನು ತಿರುಗಿಸಿ ಹಾಕಿಕೊಂಡೆ. ಸದ್ದಿಲ್ಲದಿರುವುದು ಬಲಗಡೆಗೆ ಬಂತು. ಬದುಕಿದೆ ಅನ್ನಿಸಿತು. ಅಕ್ಕ ಎದ್ದು ಬಂದು ಪಿನ್ನಿನ ಹತ್ತಿರದ ವೈರನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿ, ಒಂದು ಕಡೆ ಬಗ್ಗಿಸಿ ಟೇಪು ಸುತ್ತಿದರು. ಸದ್ದು ಬಂತು. ‘ದಿನಾ ಸಾಯಂಕಾಲ ಇದ್ನ ಎಮ್ಮೆ ಹಗ್ಗ ಸುತ್ತಿದಂಗೆ ಸುತ್ತಿ ಬಿಸಾಕಿ ಹೋದ್ರೆ ಇನ್ನೇನಾದಾತು?’ ಎಂದು ಬೈದು ಹೋದರು.

ಈ ತಿರುಗಿಸಿ ನೋಡುವ ಪರೀಕ್ಷೆ ಆಮೇಲೆ ನಮ್ಮ ಆಫೀಸಿನ ಕಾನೂನೇ ಆಯಿತು. ಪಿನ್ ಪೂರ್ತಿ ಕೂತಿದೆಯಾ ನೋಡು, ಜಾಲರಿಯಲ್ಲಿ ಕಿವಿಯ ಗುಗ್ಗೆ ಕಟ್ಟಿದೆಯಾ ನೋಡು, ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕು, ಕೊನೆಗೆ ತಿರುಗಿಸಿ ಹಾಕಿಕೋ. ಕೆಲಸ ತಪ್ಪಿಸಿಕೊಳ್ಳಲು ‘ಹೆಡ್‌ಫೋನ್ ಕೆಟ್ಟಿದೆ’ ಎಂದವರನ್ನು ಅಕ್ಕ ಎಲ್ಲರೆದುರೇ ಹಿಡಿದು ಹಾಕುತ್ತಿದ್ದರು. ಚಿಕ್ಕಯ್ಯನಛತ್ರದಿಂದ ಬರುತ್ತಿದ್ದ ಒಬ್ಬಳು ಹಾಗೆ ಸಿಕ್ಕಿಬಿದ್ದು ಅಳುತ್ತಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ‘ಇಷ್ಟಕ್ಕೆ ಇಷ್ಟೊಂದು ಮಾಡ್ಬೇಕಾ ಅಕ್ಕ?’ ಎಂದು ನಾನು ಜಗಳಕ್ಕೇ ಹೋದೆ. ‘ಮನುಷ್ಯರ ಮೇಲೆ ಸುಳ್ಳು ಹೇಳಿದ್ರೆ ಅವ್ರು ವಾಪಸ್ ಬೈತಾರೆ. ಹೆಡ್‌ಫೋನ್ ಮೇಲೆ ಸುಳ್ಳು ಹೇಳಬಾರ್ದು ಕಣವ್ವ. ಅದಕ್ಕೆ ಬಾಯಿಲ್ಲ’ ಎಂದರು. ಎಂಥಾ ಹೆಂಗಸಪ್ಪಾ, ಜಾಲರಿಯ ಗುಗ್ಗೆಗಿರುವ ಮರ್ಯಾದೆ ಹುಡುಗಿಯ ಕಣ್ಣೀರಿಗಿಲ್ಲವಲ್ಲ ಅನ್ನಿಸಿ ಅವತ್ತು ಅವರ ಜೊತೆ ಊಟಕ್ಕೆ ಕೂರಲಿಲ್ಲ.

ಮರುದಿನ ಅವರೇ ಬಂದರು. ಡಬ್ಬಿಯಿಂದ ನನ್ನ ತಟ್ಟೆಗೆ ಹುರುಳಿಕಾಳಿನ ಪಲ್ಯ ಹಾಕಿ, ಮೊಬೈಲಿಗೆ ಹೆಡ್‌ಫೋನು ಚುಚ್ಚಿ ನನ್ನ ಕಿವಿಗೆ ಹಾಕಿದರು. ‘ಏನ್ ಕೇಳ್ತದೆ ಹೇಳು.’

ಸೊರ್ ಸೊರ್ ಎಂದು ಏನೋ. ‘ಮಳೆ’ ಎಂದೆ.

‘ಥೂ. ಸರಿಯಾಗಿ ಕೇಳ್ಸ್ಕೊ.’

ಮತ್ತೆ ಕೇಳಿದೆ. ಬಳೆಯ ಸದ್ದೊಂದು ನಡುನಡುವೆ ಬರುತ್ತಿತ್ತು. ಮೊರ ಎಂದು ಹೊಳೆಯಿತು. ಅವರ ಅವ್ವ ಹೆಡತಲೆಯ ಮನೆಯ ಅಂಗಳದಲ್ಲಿ ಕೂತು ರಾಗಿ ಕೇರುತ್ತಿದ್ದಾಗ ಅಕ್ಕ ಸುಮ್ಮನೆ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡದ್ದಂತೆ. ಅವ್ವ ತೀರಿಕೊಂಡ ಮೇಲೆ ಉಳಿದದ್ದು ಅದೊಂದೇ ಸದ್ದು. ಅವ್ವ ಮಾತಾಡಿದ್ದನ್ನು ಯಾರೂ ಹಿಡಿದಿರಲಿಲ್ಲ. ಅಕ್ಕ ಪ್ರತಿ ಹೆಡ್‌ಫೋನನ್ನೂ ಅಳೆಯುತ್ತಿದ್ದದ್ದು ಆ ರೆಕಾರ್ಡಿಂಗಿನಲ್ಲಿ. ಹಾಡು, ಸಿನಿಮಾ ಏನೂ ಬೇಡ. ‘ಹಾಡು ಯಾವ ಡಬ್ಬದಲ್ಲಾದ್ರೂ ಚೆಂದಾನೇ ಕೇಳ್ತದೆ. ಕಾಳು ಮೊರಕ್ಕೆ ಬಿದ್ರೆ ದಪ್ಪ ಸದ್ದು, ಹೊಟ್ಟು ಹಾರಿದ್ರೆ ಉಸ್ ಅಂತ ಸಣ್ಣ ಸದ್ದು. ಕಳಪೆ ಹೆಡ್‌ಫೋನಲ್ಲಿ ಎರ್ಡೂ ಕಲಸಿ ಮಳೆ ಹುಯ್ದಂಗಾಯ್ತದೆ. ಹೊಟ್ಟು ಬೇರೆ, ಕಾಳು ಬೇರೆ ಕೇಳ್ಬೇಕು. ಅದು ಹೆಡ್‌ಫೋನು.’ ಅವತ್ತೇ ಆ ರೆಕಾರ್ಡಿಂಗನ್ನು ನನ್ನ ಮೊಬೈಲಿಗೂ ಕಳಿಸಿದರು. ‘ನನ್ ಮೊಬೈಲು ಕೆಟ್ಟೋದ್ರೆ ನಿನ್ ಹತ್ರ ಇರ್ತದೆ’ ಎಂದರು. ಬಚ್ಚಲಿಗೆ ಹೋಗಿ ಅತ್ತವಳಿಗೂ ಒಂದು ಚಮಚ ಪಲ್ಯ ಹೋಯಿತು. ಕ್ಷಮೆ ಗಿಮೆ ಕೇಳುವ ಅಭ್ಯಾಸ ಅವರಿಗಿರಲಿಲ್ಲ.

ಫೋಟೋದವನ ಹೆಡ್‌ಫೋನಿನಲ್ಲಿ ಕೇಳಿದ ಮೇಲೆ ಅಕ್ಕನ ತಲೆಗೆ ಹುಳ ಬಿಟ್ಟಂತಾಯಿತು. ಅಂಥದ್ದು ಆಫೀಸಿಗೆ ತರಿಸಿ ಎಂದು ಮ್ಯಾನೇಜರ ಹಿಂದೆ ಬಿದ್ದರು. ‘ಸಾ, ಅದು ಕಿವೀನ ಮುಚ್ಚಿ ಕೂರ್ತದೆ, ಮಿಲ್ ಸದ್ದು ಒಳಗ್ ಬರಲ್ಲ. ಇವು ಕಿವಿ ಮೇಲೆ ಬರೀ ಕೂತಿರ್ತವೆ. ಮಿಲ್ ಶುರುವಾದ್ರೆ ಸೌಂಡು ಏರಿಸ್ಲೇಬೇಕು. ಕಿವಿ ಏನಾಗ್ಬೇಕು?’

ಮ್ಯಾನೇಜರು ಸಿಟ್ಟು ಮಾಡಿಕೊಳ್ಳುವ ಮನುಷ್ಯನಲ್ಲ. ಸಿಟ್ಟು ಮಾಡಿಕೊಂಡಿದ್ದರೆ ತಿರುಗಿ ಬೈಯಬಹುದಿತ್ತು. ಅವರು ನಗುತ್ತಿದ್ದರು. ‘ಏರಿಸ್ಕೊಳಿ ಅಮ್ಮಾ. ಸೌಂಡ್ ಜಾಸ್ತಿ ಇಟ್ಕೋಬೇಡಿ ಅಂತ ನಾನು ಯಾವತ್ತಾದ್ರೂ ಅಂದಿದೀನಾ?’ ಎಂದರು. ಆ ಮಾತಿಗೆ ಅವರ ಸುತ್ತ ಇದ್ದವರೂ ನಕ್ಕರು. ಹೀಗೆ ನಗುನಗುತ್ತಲೇ ಸೌಂಡು ಏರುತ್ತಾ ಹೋಯಿತು. ಸಾಯಂಕಾಲ ಬಸ್ಸಿನಲ್ಲಿ ಕೂತರೆ ನನ್ನ ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಎಲ್ಲರಿಗೂ ಹಾಗೇ ಆಗುತ್ತದೆ, ಅಭ್ಯಾಸವಾಗುತ್ತದೆ ಎಂದು ನಾವು ನಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದೆವು.

ಅಕ್ಕ ಹೆಡ್‌ಫೋನುಗಳನ್ನು ಬೈಯುವುದು ಹೆಚ್ಚಾದದ್ದು ಯಾವಾಗಿನಿಂದ ಎಂದು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಮೊದಲಿಂದಲೂ ಬೈಯುತ್ತಿದ್ದವರಲ್ಲವೇ, ಯಾರು ಗಮನಿಸುತ್ತಾರೆ? ಬರಬರುತ್ತಾ ಎಲ್ಲಕ್ಕೂ ಒಂದೇ ಬೈಗುಳವಾಯಿತು. ‘ಇದ್ರಲ್ಲೂ ಹೊಟ್ಟು ಕೇಳಲ್ಲ.’ ನೆಗಡಿಯದನ್ನು ಬಿಟ್ಟು ತಗಡಿನದನ್ನು ಹಾಕಿಕೊಂಡರು. ಅದನ್ನು ಬಿಟ್ಟು ನನ್ನದನ್ನು ಕಿತ್ತುಕೊಂಡರು. ‘ಕಾಳು ಬೀಳ್ತದೆ, ಹೊಟ್ಟು ಹಾರ್ತಾನೇ ಇಲ್ಲ. ಎಂಥಾ ಕಳಪೆ ಮಾಲು ತರ್ತಾರೆ ನೋಡು ಇವ್ರು’ ಎನ್ನುವರು. ನನಗೆ ಅದೇ ಹೆಡ್‌ಫೋನಿನಲ್ಲಿ, ಅದೇ ರೆಕಾರ್ಡಿಂಗಿನಲ್ಲಿ ಹೊಟ್ಟು ಹಾರುವುದು ಕೇಳಿಸುತ್ತಿತ್ತು. ಆಮೇಲೆ ಎಡಗಡೆ ಪೂರ್ತಿ ಮಂಕಾಗಿದೆ ಅನ್ನತೊಡಗಿದರು. ವೈರು ಒತ್ತಿ ನೋಡುವರು, ಜಾಲರಿ ತಿಕ್ಕುವರು, ಪಿನ್ನು ಒರೆಸುವರು. ಎಲ್ಲ ಮಾಡುವರು, ತಿರುಗಿಸಿ ಹಾಕಿಕೊಳ್ಳುವುದೊಂದು ಬಿಟ್ಟು. ತಪ್ಪಿದೆ ಎಂದು ವಾಪಸ್ ಬಂದ ಅವರ ಕೆಲಸದ ರಾಶಿ ಬೆಳೆಯಿತು. ಅಷ್ಟು ವರ್ಷದಲ್ಲಿ ಅವರ ಕೆಲಸ ವಾಪಸ್ ಬಂದದ್ದೇ ಇರಲಿಲ್ಲ.

ಒಂದು ಮಧ್ಯಾಹ್ನ ಮ್ಯಾನೇಜರು ಅವರ ಮೇಜಿನ ಹತ್ತಿರ ಬಂದು ನಿಂತರು. ಅವರು ಏನಾದರೂ ಕೇಳುವ ಮೊದಲೇ ಅಕ್ಕ, ‘ಈ ಹೆಡ್‌ಫೋನ್ ಎಡಗಡೆ ಸರಿಯಿಲ್ಲ ಸಾ, ಬದಲಾಯ್ಸಿ’ ಎಂದರು.

‘ಮೊನ್ನೆ ತಾನೇ ಬದಲಾಯಿಸಿದ್ದಲ್ವಮ್ಮಾ?’

‘ಅದೂ ಸರಿಯಿರ್ನಿಲ್ಲ.’

‘ಹಾಗಾದ್ರೆ ತಿರುಗಿಸಿ ಹಾಕ್ಕೊಳಿ, ನೋಡೇಬಿಡೋಣ’ ಎಂದರು ಮ್ಯಾನೇಜರು, ಅದೇ ನಗು. ‘ನೀವೇ ಎಲ್ರಿಗೂ ಹೇಳ್ಕೊಟ್ಟಿರೋ ಪಾಠ ತಾನೆ?’

ಕೋಣೆಯಲ್ಲಿ ಒಬ್ಬೊಬ್ಬರೇ ಹೆಡ್‌ಫೋನ್ ತೆಗೆದು ಈ ಕಡೆ ನೋಡತೊಡಗಿದರು. ಆ ಮನುಷ್ಯ ಅಕ್ಕನನ್ನು ತನ್ನ ಕೋಣೆಗೆ ಕರೆದು ಕೇಳಬಹುದಿತ್ತು. ಬೇಕೆಂದೇ ಎಲ್ಲರೆದುರು ಕೇಳಿದರು. ಅಕ್ಕ ತಾವೂ ಹಾಗೇ ಮಾಡುತ್ತಿದ್ದರು ನಿಜ, ಆದರೆ ಬೈದ ಮೇಲೆ ಎದ್ದು ಬಂದು ವೈರು ಸರಿಮಾಡಿಕೊಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ‘ಆ ಹೆಡ್‌ಫೋನ್ ನಾನೂ ಹಾಕ್ಕೊಂಡು ನೋಡಿದೀನಿ ಸಾರ್. ಎಡಗಡೆ ಕೆಟ್ಟಿದೆ’ ಎಂದೆ. ಶುದ್ಧ ಸುಳ್ಳು.

ಅಕ್ಕ ನನ್ನನ್ನು ನೋಡಿದರು. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡರು. ಕೆಳಗೆ ಮಿಲ್ಲು ಹೊಡೆದುಕೊಳ್ಳುತ್ತಿತ್ತು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ರೆಕಾರ್ಡಿಂಗು ಪೂರ್ತಿ ಮುಗಿಯುವವರೆಗೂ ಕೇಳಿ, ತೆಗೆದು, ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಮೇಜಿನ ಮೇಲಿಟ್ಟರು.

‘ತಿರುಗ್ನಿಲ್ಲ ಸಾ’ ಎಂದರು. ‘ಎಡಗಡೆನೇ ಉಳ್ಕೊಂಡದೆ. ಹೆಡ್‌ಫೋನ್ ಸರಿಯಾಗೇ ಅದೆ.’

ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟು ಬಂದರೆ ಅವರ ಮಾತಿನಲ್ಲಿ ಹೆಡತಲೆ ಪೂರ್ತಿ ಇಳಿದುಬರುತ್ತಿತ್ತು. ‘ನಿಂಗ್ಯಾರವ್ವ ಏಳಿದ್ದು ಸುಳ್ಳೇಳು ಅಂತ? ಎಷ್ಟ್ ಸಲ ಏಳಿವ್ನಿ? ಓಗು, ಓಗಿ ಕೆಲ್ಸ ಮಾಡೋಗು.’

ಅವರ ಪರ ಮಾತಾಡಿ ಬೈಸಿಕೊಂಡವಳು ನಾನು. ನನಗೆ ಎಷ್ಟು ಉರಿಯಿತೆಂದರೆ, ಬಸ್ಸಿನಲ್ಲಿ ನರಸೀಪುರದವರೆಗೂ ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಹೋದೆ. ಒಂದು ಸುಳ್ಳಿಗೆ ಹೂಂಗುಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಇನ್ನಷ್ಟು ದಿನ ಕೆಲಸ ಉಳಿಯುತ್ತಿತ್ತು. ಆ ಕಿತ್ತುಹೋದ ಪ್ಲಾಸ್ಟಿಕ್ಕಿನ ಮರ್ಯಾದೆ ಉಳಿಸಲು ಹೋಗಿ ತಮ್ಮದನ್ನು ಕಳೆದುಕೊಂಡರಲ್ಲ, ಈ ಹಟಮಾರಿ ಹೆಂಗಸು!

ಬೀಳ್ಕೊಡುಗೆ ಚೆನ್ನಾಗಿಯೇ ನಡೆಯಿತು. ಶಾಲು, ಹಣ್ಣಿನ ಬುಟ್ಟಿ, ‘ನಾವೆಲ್ಲ ಒಂದೇ ಕುಟುಂಬ’ ಎಂಬ ಭಾಷಣ. ಕಿವಿಯ ಮಾತು ಒಬ್ಬರೂ ಎತ್ತಲಿಲ್ಲ. ‘ವಿಶ್ರಾಂತಿ’ ಎಂದರು. ಕತ್ತು ಕೊಯ್ಯುವಾಗಲೂ ಇಷ್ಟು ನಯವಾದ ಮಾತು ಎಲ್ಲಿಂದ ತರುತ್ತಾರೋ ನಾ ಕಾಣೆ. ಅಕ್ಕ ಎದ್ದು ಎರಡು ಮಾತು ಆಡಬೇಕು ಎಂದಾಗ, ‘ಮಿಲ್ ಸದ್ದಲ್ಲಿ ಏನೂ ಕೇಳ್ನಿಲ್ಲ, ಚೆನ್ನಾಗಿ ಮಾತಾಡಿರ್ತೀರಿ, ಬುಡಿ’ ಎಂದು ಕೂತುಬಿಟ್ಟರು. ಅವತ್ತು ಮಿಲ್ಲಿಗೆ ರಜೆ ಇತ್ತು. ಅದನ್ನು ಅವರು ತಮಾಷೆಗೆ ಹೇಳಿದರೋ ನಿಜವಾಗಿಯೇ ಹೇಳಿದರೋ ತಿಳಿಯದೆ ಕೆಲವರು ನಕ್ಕರು, ಕೆಲವರು ನೆಲ ನೋಡಿದರು.

ಮೈಸೂರಿನ ಡಾಕ್ಟರು ಕಿವಿಯ ಒಳಗಿನ ಸೂಕ್ಷ್ಮ ಹೋಗಿಬಿಟ್ಟಿದೆ, ಮೊದಲು ಹೋಗುವುದು ಸಣ್ಣ ಸದ್ದು, ಹೋದದ್ದು ಬರುವುದಿಲ್ಲ ಎಂದರಂತೆ. ಕಿವಿಗೆ ಹಾಕುವ ಮಿಷನ್ನು ಕೊಟ್ಟರಂತೆ. ಅಕ್ಕ ಅದನ್ನು ಹಾಕಿಕೊಂಡು ನೋಡಿ, ‘ಇದೂ ಒಂದು ಕಳಪೆ ಹೆಡ್‌ಫೋನೇ ಕಣವ್ವ. ಪಾತ್ರೆ ಸದ್ದು ಬಿಟ್ರೆ ಏನೂ ಬರಲ್ಲ’ ಎಂದು ಗೂಡಿನಲ್ಲಿಟ್ಟರು. ಇದನ್ನು ಅವರು ಫೋನಿನಲ್ಲಿ ಹೇಳಿದ್ದು. ನಾನು ಕೇಳಿದ ಯಾವ ಪ್ರಶ್ನೆಗೂ ಉತ್ತರ ಬರಲಿಲ್ಲ. ಅವರು ಹೇಳುವುದನ್ನು ಹೇಳಿ ಇಟ್ಟರು.

ನಾನು ಆ ಕೆಲಸ ಬಿಡಲಿಲ್ಲ. ಬಿಟ್ಟು ಏನು ಮಾಡಲಿ? ಆದರೆ ಕಿವಿಯನ್ನು ಪೂರ್ತಿ ಮುಚ್ಚುವ, ವೈರಿಲ್ಲದ ಒಳ್ಳೆಯ ಹೆಡ್‌ಫೋನೊಂದನ್ನು ನನ್ನದೇ ದುಡ್ಡಿನಲ್ಲಿ ತೆಗೆದುಕೊಂಡೆ. ಬಂದ ದಿನ ಮೊದಲು ಹಾಕಿ ಕೇಳಿದ್ದು ಅವ್ವನ ರಾಗಿ. ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ, ನಡುವೆ ಬಳೆ. ಇದನ್ನು ಅಕ್ಕನಿಗೆ ಕೇಳಿಸಲೇಬೇಕು, ಇದರಲ್ಲಾದರೂ ಅವರ ಬಲಗಿವಿಗೆ ಅವ್ವ ಸ್ವಲ್ಪ ಸಿಗಬಹುದು ಎಂಬ ಆಸೆ ಹುಟ್ಟಿತು. ಭಾನುವಾರ ಹೆಡತಲೆಗೆ ಹೋದೆ.

ಅಕ್ಕ ಜಗಲಿಯ ಮೇಲೆ ಕೂತಿದ್ದರು. ಸೊರಗಿ ಇಳಿದುಹೋಗಿದ್ದರು. ನಾನು ಹತ್ತಿರ ಹೋಗಿ ಭುಜ ಮುಟ್ಟುವವರೆಗೂ ನೋಡಲಿಲ್ಲ. ನೋಡಿದವರೇ, ‘ಏ ಪುರದವ್ಳೇ!’ ಎಂದು ಕೈ ಹಿಡಿದು ಎಳೆದು ಕೂರಿಸಿಕೊಂಡರು. ಒಳಗೆ ಅಡುಗೆ ಮಾಡುತ್ತಿದ್ದ ಸೊಸೆಗೆ ಕಾಫಿ ಇಡಲು ಕೂಗಿದರು. ಹೆಡ್‌ಫೋನ್ ತೆಗೆದು ತೋರಿಸಿದಾಗ ಅವರ ಮುಖ ಹಳೆಯ ಅಕ್ಕನ ಮುಖವೇ ಆಯಿತು. ತಿರುಗಿಸಿ ನೋಡಿದರು, ಸ್ಪಂಜು ಅದುಮಿ ನೋಡಿದರು, ‘ವೈರೇ ಇಲ್ವಲ್ಲ, ಕಿತ್ತೋಗದಾದ್ರೂ ಎಲ್ಲಿಂದ’ ಎಂದರು. ನಾನು ಅವರ ಕಿವಿಯ ಹತ್ತಿರ ಬಾಯಿಟ್ಟು, ‘ನಿಮ್ಮವ್ವಂದು ಹಾಕ್ತೀನಿ’ ಎಂದು ಕೂಗಿ ಹೇಳಿದೆ. ಅವರೇ ತಲೆಗೆ ಹಾಕಿಕೊಂಡರು. ನಾನು ಮೊಬೈಲು ಒತ್ತಿದೆ.

ಅಕ್ಕ ಕಣ್ಣು ಮುಚ್ಚಿದರು. ಮೆಲ್ಲಗೆ ತಲೆದೂಗತೊಡಗಿದರು. ನಾನು ಅವರ ಮುಖವನ್ನೇ ನೋಡುತ್ತಾ ಕೂತಿದ್ದೆ, ಬೇರೇನೂ ನನ್ನ ಗಮನಕ್ಕೆ ಬರಲಿಲ್ಲ.

‘ಅತ್ತೆ, ಯಾರು ರಾಗಿ ಕೇರ್ತಿರೋದು?’ ಎಂದು ಒಳಗಿಂದ ಸೊಸೆ ಕೂಗಿ ಕೇಳಿದಳು.

ಆಗ ನೋಡಿದೆ. ಸದ್ದು ಬರುತ್ತಿದ್ದದ್ದು ನನ್ನ ತೊಡೆಯ ಮೇಲಿದ್ದ ಮೊಬೈಲಿನಿಂದ. ಹೆಡ್‌ಫೋನಿಗೆ ಅದು ಸೇರಿಯೇ ಇರಲಿಲ್ಲ. ಅದರ ಪುಟ್ಟ ದೀಪವೂ ಹತ್ತಿರಲಿಲ್ಲ. ನಾನು ಆನ್ ಮಾಡುವುದನ್ನೇ ಮರೆತಿದ್ದೆ. ಅಕ್ಕನ ಕಿವಿಯ ಮೇಲೆ ಎರಡು ಸ್ಪಂಜು ಬಿಟ್ಟರೆ ಏನೂ ಇರಲಿಲ್ಲ.

ಅಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ, ನನ್ನ ಕೆನ್ನೆ ಸವರಿದರು.

‘ಚೆನ್ನಾಗದೆ ಕಣವ್ವ’ ಎಂದರು. ‘ಹೊಟ್ಟು ಬೇರೆ, ಕಾಳು ಬೇರೆ. ನಮ್ಮವ್ವನ ಬಳೆ ಸದ್ದೂ ಬತ್ತದೆ.’

ನಾನು ಸೆರಗಿನ ಕೆಳಗೆ ಕೈ ಹಾಕಿ ಮೊಬೈಲಿನ ಸದ್ದನ್ನು ನಿಲ್ಲಿಸಿದೆ.

‘ಸೌಂಡ್ ಮಾತ್ರ ಕಮ್ಮಿ ಇಟ್ಕ’ ಎಂದು ಹೇಳಿ, ಅಕ್ಕ ಮತ್ತೆ ಕಣ್ಣು ಮುಚ್ಚಿ ತಲೆದೂಗತೊಡಗಿದರು.